ಬಸ್ ಸ್ಟ್ಯಾಂಡ್ ಹಿಂದಿನ ಸಣ್ಣ ಮೆಡಿಕಲ್, ಅಲ್ಲಿಯ ಕೆಂಪು ರಟ್ಟಿನ ಪುಸ್ತಕ

ಅಂಗಡಿಯ ಹೆಸರು ಬರೆಯುತ್ತಿಲ್ಲ. ಅಂಗಡಿಯ ಅಕ್ಕನೇ ಬೇಡ ಅಂದರು. "ಹೆಸರು ಹಾಕಿದ್ರೆ ಇಲ್ಲಿಗೆ ತಲೆ ಮಾತ್ರೆಗೆ (ಮಾನಸಿಕ ಕಾಯಿಲೆ ಮಾತ್ರೆಗೆ) ಬರೋರನ್ನೆಲ್ಲ ಜನ ಗುರುತು ಹಿಡೀತಾರೆ ರೈಟ್ರೇ. ಅವ್ರು ಆಮೇಲೆ ಬರೋದೇ ಇಲ್ಲ" ಎಂದರು. ಸರಿ ಅನ್ನಿಸಿತು. ಕೊಡಗಿನ ಸಿದ್ದಾಪುರ, ಚೆಟ್ಟಳ್ಳಿ ಕಡೆಯ ತೋಟಗಳವರಿಗೆ ಬಸ್ ಸ್ಟ್ಯಾಂಡ್ ಹಿಂದಿನ ಮೆಡಿಕಲ್ ಅಂದರೆ ಸಾಕು, ಗೊತ್ತಾಗುತ್ತದೆ.

ನಾನು ತೋಟದ ರೈಟರ್. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ, ಕೆಲಸದ ಲೆಕ್ಕದ ಪುಸ್ತಕ ಬರೆಯುವುದು, ಹಣ್ಣು ತೂಕ ಹಾಕಿಸುವುದು, ಶನಿವಾರ ಬಟವಾಡೆ ಮಾಡುವುದು ನನ್ನ ಕೆಲಸ. ನನ್ನ ತಮ್ಮನಿಗೆ ಸ್ಕಿಜೋಫ್ರೀನಿಯಾ ಇದೆ, ಇಲ್ಲದ ದನಿಗಳು ಕೇಳಿಸುವ ಮಾನಸಿಕ ಕಾಯಿಲೆ. ಅವನನ್ನು ಕೇಳಿ, ಅವನು ಆಗಲಿ ಅಂದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. 2019ರಲ್ಲಿ ಅವನ ಮೇಲೆ ಕೊಲೆ ಕೇಸು ಬಿತ್ತು. 2022ರ ಕೊನೆಯಲ್ಲಿ ಬಿಡುಗಡೆಯಾಯಿತು. ಆ ಕೇಸಿನಲ್ಲಿ ಈ ಅಂಗಡಿಯ ಒಂದು ಪುಸ್ತಕ ಏನು ಮಾಡಿತು ಅಂತ ಹೇಳುವುದಕ್ಕೇ ಈ ವಿಮರ್ಶೆ.

ಮೊದಲು ಅಂಗಡಿಯ ಬಗ್ಗೆ ಹೇಳಿಬಿಡುತ್ತೇನೆ. ಎಂಟಡಿ ಅಗಲದ ಜಾಗ. ಅಕ್ಕ ಡಿ.ಫಾರ್ಮ ಓದಿದವರು. ಅವರ ಮಾವ ಗಲ್ಲಾದಲ್ಲಿ ಕೂರುತ್ತಾರೆ. ಮಾನಸಿಕ ಕಾಯಿಲೆಯ ಮಾತ್ರೆ ಸಣ್ಣ ಪೇಟೆಗಳಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ಇಲ್ಲಿ ಹಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪೈನ್ ಯಾವಾಗಲೂ ಇರುತ್ತವೆ. ಕ್ಲೋಜಪೈನ್ ಬೇಕಾದರೆ ಮೊದಲೇ ಹೇಳಬೇಕು, ಮೈಸೂರಿಂದ ತರಿಸುತ್ತಾರೆ. ಅದಕ್ಕೆ ರಕ್ತ ಪರೀಕ್ಷೆಯ ರಿಪೋರ್ಟ್ ತೋರಿಸದಿದ್ದರೆ ಕೊಡುವುದಿಲ್ಲ. ಕೆಲವರು ಇದಕ್ಕೆ ಸಿಟ್ಟಾಗುತ್ತಾರೆ. ಆ ಮಾತ್ರೆಯಿಂದ ಬಿಳಿ ರಕ್ತಕಣ ಕಡಿಮೆಯಾಗುವ ಅಪಾಯ ಇದೆ, ಅದಕ್ಕೇ ಕೇಳುತ್ತಾರೆ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ತಾರೀಖು ಮತ್ತು ಬ್ಯಾಚ್ ನಂಬರ್ ಇರುವ ತುಂಡನ್ನು ಕೊನೆಗೆ ಉಳಿಸುತ್ತಾರೆ. ಕೌಂಟರಿನ ಗಾಜಿನ ಕೆಳಗೆ ಟೆಲಿ ಮಾನಸ್‌ನ 14416 ನಂಬರ್ ಬರೆದ ಚೀಟಿ ಇದೆ. ಯಾರನ್ನೂ "ಏನು ಕಾಯಿಲೆ" ಅಂತ ಜೋರಾಗಿ ಕೇಳುವುದಿಲ್ಲ. ಮಾತ್ರೆಯನ್ನು ಕಾಗದದ ಕವರಿಗೆ ಹಾಕಿ, ಬಾಯಿ ಮಡಚಿ ಕೊಡುತ್ತಾರೆ.

ಇನ್ನು ಆ ಪುಸ್ತಕ.

ಡಯಾಜೆಪಾಮ್, ಆಲ್ಪ್ರಜೋಲಾಮ್ ತರಹದ ಎಚ್1 ಪಟ್ಟಿಯ ಮಾತ್ರೆಗಳಿಗೆ ಎಲ್ಲ ಮೆಡಿಕಲ್‌ನವರೂ ರಿಜಿಸ್ಟರ್ ಇಡಲೇಬೇಕು, 3 ವರ್ಷ ಜೋಪಾನ ಮಾಡಬೇಕು. ಅದು ಕಾನೂನು. ಹಾಲೊಪೆರಿಡಾಲ್ ಆ ಪಟ್ಟಿಯಲ್ಲಿಲ್ಲ. ಆದರೂ ಅಕ್ಕ ಅದಕ್ಕೆ ಬೇರೆ ಪುಸ್ತಕ ಇಟ್ಟಿದ್ದಾರೆ. ಕೆಂಪು ರಟ್ಟಿನ ಲಾಂಗ್ ಬುಕ್. ಒಬ್ಬರಿಗೆ ಒಂದು ಪುಟ. ತಾರೀಖು, ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ದಿನಕ್ಕೆ ಅಂತ ಬರೆದು, ಕೊನೆಯಲ್ಲಿ ಮಾತ್ರೆ ತೆಗೆದುಕೊಂಡವರ ಸಹಿ ಹಾಕಿಸುತ್ತಾರೆ. ಪಕ್ಕದ ಸಣ್ಣ ಜಾಗದಲ್ಲಿ ತಾವು ಕಣ್ಣಾರೆ ಕಂಡದ್ದು ಒಂದೆರಡು ಸಾಲು.

ಹಾಲೊಪೆರಿಡಾಲ್ ತರಹದ ಮಾತ್ರೆಗಳು ತಲೆಯ ಒಳಗಿನ ದನಿಗಳನ್ನು ತಗ್ಗಿಸುತ್ತವೆ. ಡೋಪಮೈನ್ ಅನ್ನುವ ರಾಸಾಯನಿಕ ಮಿದುಳಿನಲ್ಲಿ ಕೆಲಸ ಮಾಡುವ ಜಾಗವನ್ನು ತಡೆದು ಹಾಗೆ ಮಾಡುತ್ತವೆ. ಆದರೆ ಕೈಕಾಲಿನ ಚಲನೆ ಸಲೀಸಾಗಿ ಇರುವುದಕ್ಕೂ ಅದೇ ಡೋಪಮೈನ್ ಬೇಕು. ಹಾಗಾಗಿ ಕೆಲವರಿಗೆ ಮೈಯೇ ಬೇರೆ ಆಗಿಬಿಡುತ್ತದೆ. ಮೊದಲ ಕೆಲವೇ ದಿನಗಳಲ್ಲಿ ಕತ್ತು ತಿರುಚಿಕೊಳ್ಳಬಹುದು, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಇದನ್ನು ನೋಡಿ ಮೈಮೇಲೆ ಬಂದಿದೆ ಅಂದುಕೊಂಡು ತೆಂಗಿನಕಾಯಿ ಒಡೆದ ಮನೆ ನನಗೆ ಗೊತ್ತು. ಕೆಲವು ದಿನ, ವಾರಗಳಲ್ಲಿ ಅಕಥೀಸಿಯಾ ಬರಬಹುದು. ಕೂತಲ್ಲಿ ಕೂರಲಾಗದ ಚಡಪಡಿಕೆ ಅದು. ಮತ್ತೆ ಕೆಲವು ವಾರ ಕಳೆದ ಮೇಲೆ ಮೈ ಬಿಗಿಯಾಗುವುದು, ಕೈ ನಡುಗುವುದು, ನಡೆಯುವಾಗ ಕೈ ಬೀಸದೆ ಹೋಗುವುದು, ಮುಖದಲ್ಲಿ ಯಾವ ಭಾವವೂ ಕಾಣದಿರುವುದು. ತಿಂಗಳು, ವರ್ಷ ಆದ ಮೇಲೆ ಕೆಲವರ ಬಾಯಿ, ನಾಲಿಗೆ ತಾವಾಗಿಯೇ ಆಡುತ್ತಿರುತ್ತವೆ. ಯಾವುದು ಸುಮಾರು ಯಾವಾಗ ಬರುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಇದೆ. ನಮ್ಮ ಕೇಸಿನಲ್ಲಿ ಆ ಲೆಕ್ಕವೇ ಮುಖ್ಯವಾಯಿತು.

2018ರ ಆಗಸ್ಟಿನ ಮಳೆ ಕೊಡಗಿನವರು ಯಾರೂ ಮರೆಯುವುದಿಲ್ಲ. ಮಕ್ಕಂದೂರಿನ ನಮ್ಮ ನೆಂಟರ ಮನೆ ಗುಡ್ಡದ ಜೊತೆ ಹೋಯಿತು. ಅದಾದ ಮೇಲೆ ತಮ್ಮ ನಿದ್ದೆ ಬಿಟ್ಟ. ದನಿಗಳು ಜಾಸ್ತಿಯಾದವು. ಡಿಸೆಂಬರಿನಲ್ಲಿ ಡಾಕ್ಟರ್ ಹಾಲೊಪೆರಿಡಾಲ್ 5 ಮಿಲಿಗ್ರಾಂ ಇದ್ದದ್ದನ್ನು 10 ಮಾಡಿದರು. ದನಿಗಳು ಕಡಿಮೆಯಾದವು. ಅವನ ಪುಟದಲ್ಲಿ ಆಮೇಲೆ ಅಕ್ಕ ಬರೆದದ್ದು ಹೀಗಿದೆ.

"28-12-18. ಹಾಲೊ 5 ಇದ್ದದ್ದು 10 ಆಗಿದೆ."

"9-1-19. ಕೂರಲ್ಲ. ಸ್ಟೂಲ್ ಕೊಟ್ಟರೂ ಕಾಲು ಬದಲಿಸುತ್ತಾ ನಿಂತಿದ್ದ. ರಾತ್ರಿ ನಡೀಬೇಕು ಅನ್ಸುತ್ತೆ ಅಂತಾನೆ."

"1-2-19. ಚಿಲ್ಲರೆ ಎಣಿಸೋಕೆ ಕಷ್ಟ. ಬಲಗೈ ನಡುಕ. ಮುಖ ಬಿಗಿ, ಮಾತಾಡಿಸಿದರೆ ನಗಲ್ಲ. ಡಾಕ್ಟರ್ ಹತ್ರ ಹೋಗು ಅಂದೆ."

"5-2-19. ಟ್ರೈಹೆಕ್ಸಿ 2 ಸೇರಿಸಿದ್ದಾರೆ." ಟ್ರೈಹೆಕ್ಸಿ ಅಂದರೆ ಟ್ರೈಹೆಕ್ಸಿಫೆನಿಡಿಲ್, ಬಿಗಿತ ಕಡಿಮೆ ಮಾಡುವ ಮಾತ್ರೆ.

ಆಸ್ಪತ್ರೆಯ ಒಪಿ ಚೀಟಿಯಲ್ಲಿ ಏನಿತ್ತು ಅಂತಲೂ ಹೇಳಬೇಕು. ಜನವರಿಯ ಚೀಟಿಯಲ್ಲಿ "ಸಿಎಸ್‌ಟಿ" ಅಂತ ಮೂರು ಅಕ್ಷರ. ಅದೇ ಮಾತ್ರೆ ಮುಂದುವರಿಸಿ ಅಂತ ಅರ್ಥ. ಅಷ್ಟೇ. ಆವತ್ತು ಆ ಬಾಗಿಲ ಮುಂದೆ ಅರವತ್ತು ಎಪ್ಪತ್ತು ಜನ ಕಾಯುತ್ತಿದ್ದರು. ಡಾಕ್ಟರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ತಮ್ಮನ ಮೈಗೆ ಏನಾಗುತ್ತಿದೆ ಅಂತ ಆ ಚೀಟಿಯಲ್ಲಿ ಒಂದು ಪದವೂ ಇರಲಿಲ್ಲ.

ಫೆಬ್ರವರಿ ಎರಡನೇ ವಾರ ಪಕ್ಕದ ತೋಟದ ಕಣದಲ್ಲಿ ಕಾಫಿ ಕಾಯುತ್ತಿದ್ದ ವಯಸ್ಸಾದವರೊಬ್ಬರ ಕೊಲೆಯಾಯಿತು. ಒಳ್ಳೆಯ ಮನುಷ್ಯ. ನಮ್ಮ ಲೈನ್‌ಮನೆ (ತೋಟದ ಆಳುಗಳ ಸಾಲು ಮನೆ) ಮಕ್ಕಳಿಗೆಲ್ಲ ಕಿತ್ತಳೆ ಕೊಡುತ್ತಿದ್ದರು. ಅವರ ಮನೆಯವರ ದುಃಖದ ಮುಂದೆ ನಮ್ಮದು ದೊಡ್ಡದು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆ ರಾತ್ರಿ ಹನ್ನೊಂದರ ಹೊತ್ತಿಗೆ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ನನ್ನ ತಮ್ಮನನ್ನು ಕಣದ ರಸ್ತೆಯಲ್ಲಿ ನೋಡಿದ್ದರು. ಮೂರು ಸಲ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ನಮ್ಮ ಕಡೆ ಕತ್ತಲಾದ ಮೇಲೆ ಯಾರೂ ಸುಮ್ನೆ ರಸ್ತೆಗೆ ಇಳಿಯುವುದಿಲ್ಲ. ಆನೆ ತೋಟದೊಳಗೇ ಇರುತ್ತವೆ. ಆನೆ ತಿರುಗುವ ಹೊತ್ತಿನಲ್ಲಿ ಒಬ್ಬ ಮನುಷ್ಯ ಹೀಗೆ ಓಡಾಡುತ್ತಾನೆ ಅಂದರೆ ಹೊಂಚು ಹಾಕುತ್ತಿದ್ದಾನೆ ಅಂತಲೇ ಅರ್ಥ, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡರು. ಮಾರನೇ ದಿನ ಪೊಲೀಸರು ವಿಚಾರಿಸುವಾಗ ಅವನ ಕೈ ನಡುಗುತ್ತಿತ್ತು. ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮುಖದಲ್ಲಿ ದುಃಖ ಇಲ್ಲ, ಹೆದರಿಕೆ ಇಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ತಪ್ಪು ಮಾಡಿದವನ ನಡುಕ ಅಂದರು. ಕಲ್ಲು ಹೃದಯ ಅಂದರು. ನಮ್ಮ ಸೋದರತ್ತೆಯೇ ಅಂದರು. ಅವನು ಮರಕಸಿಗೆ ಬಳಸುತ್ತಿದ್ದ ಕತ್ತಿಯನ್ನು ಪೊಲೀಸರು ತೆಗೆದುಕೊಂಡು ಹೋದರು.

ಮೊದಲು ನೋಡಿದ ವಕೀಲರು, ಭಾರತೀಯ ದಂಡ ಸಂಹಿತೆಯ 84ನೇ ಸೆಕ್ಷನ್ ಹಿಡಿಯೋಣ, ಬುದ್ಧಿ ಸ್ಥಿಮಿತ ಇರಲಿಲ್ಲ ಅನ್ನೋಣ ಎಂದರು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈಗ ಅದು 22ನೇ ಸೆಕ್ಷನ್. ಆ ದಾರಿ ಹಿಡಿದರೆ ಕೊಲೆ ಅವನೇ ಮಾಡಿದ, ಆದರೆ ಏನು ಮಾಡುತ್ತಿದ್ದೇನೆ ಅಂತ ತಿಳಿಯುವ ಸ್ಥಿತಿಯಲ್ಲಿ ಇರಲಿಲ್ಲ ಅಂತ ವಾದ. ಅದನ್ನು ತೋರಿಸಿಕೊಡುವ ಹೊಣೆಯೂ ಆರೋಪಿಯ ಮೇಲೆ ಬೀಳುತ್ತದೆ. ತಮ್ಮ ಒಂದೇ ಮಾತು ಹೇಳಿದ: "ಅಣ್ಣ, ನಾನು ಮಾಡಿಲ್ಲ. ನಾನು ನಡೀತಿದ್ದೆ ಅಷ್ಟೇ." ಆಮೇಲೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ಒಬ್ಬ ವಕೀಲರು ಸಿಕ್ಕರು. ಬಂಧನದಲ್ಲಿ ಇರುವವರಿಗೆ ಆ ಸೌಲಭ್ಯ ಇದೆ. ಅವರು ಅವನ ಮಾತನ್ನು ಪೂರ್ತಿ ಕೇಳಿದರು. ಕೇಳಿ, "ಹಾಗಾದ್ರೆ ಇವನ ತಲೆ ವಿಷಯ ಬಿಡಿ. ಮೈ ವಿಷಯ ಹೇಳಿ" ಅಂದರು.

ಸರ್ಕಾರಿ ವಕೀಲರ ವಾದ ಹೆಚ್ಚಾಗಿ ನಡತೆಯ ಮೇಲೆ ನಿಂತಿತ್ತು. ಸಾಕ್ಷ್ಯ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಘಟನೆಯ ಮುಂಚಿನ ಮತ್ತು ಆಮೇಲಿನ ನಡತೆಯನ್ನು ಕೋರ್ಟು ಗಮನಕ್ಕೆ ತಗೊಳ್ಳಬಹುದು. ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 6ನೇ ಸೆಕ್ಷನ್. ಓಡಾಟ, ನಡುಕ, ಭಾವ ಇಲ್ಲದ ಮುಖ, ಮೂರೂ ಅದರಡಿ ಬಂದವು.

ನಮ್ಮ ಕಷ್ಟ ಏನಾಗಿತ್ತು ಅಂದರೆ, ವಿಚಾರಣೆ ಶುರುವಾಗುವ ಹೊತ್ತಿಗೆ ತಮ್ಮನಿಗೆ ನಡುಕ ಇರಲಿಲ್ಲ. ಬಂಧನದ ಮೊದಲ ದಿನಗಳಲ್ಲಿ ಅವನಿಗೆ ಹಾಲೊಪೆರಿಡಾಲ್ ಸಿಕ್ಕಿತು, ಬಿಗಿತ ಕಡಿಮೆ ಮಾಡುವ ಟ್ರೈಹೆಕ್ಸಿಫೆನಿಡಿಲ್ ಸಿಗಲಿಲ್ಲ. ಆಗ ನೋಡಿದವರಿಗೆ ಅವನು ಮರದ ಗೊಂಬೆ ಹಾಗೆ ಕಂಡ. ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಜಾಮೀನು ಸಿಗಲು ಹದಿನಾಲ್ಕು ತಿಂಗಳಾಯಿತು. ಹೊರಗೆ ಬಂದ ಮೇಲೆ ಬೇರೆ ಡಾಕ್ಟರ್ ನಿಧಾನವಾಗಿ ಮಾತ್ರೆ ಬದಲಿಸಿದರು. ಕೆಲವು ತಿಂಗಳಲ್ಲಿ ಕೈ ನೆಟ್ಟಗಾಯಿತು, ಮುಖದಲ್ಲಿ ನಗು ಬಂತು. ಕೊರೊನಾದಿಂದ ಕೇಸು ತುಂಬಾ ದಿನ ನಿಂತಿತ್ತು. ಕೊನೆಗೆ ಕೋರ್ಟಿನಲ್ಲಿ ನಿಂತಾಗ ಅವನು ಎಲ್ಲರಂತೆ ಇದ್ದ. "ನೋಡಿ, ಈಗ ನಡುಕ ಎಲ್ಲಿದೆ? ಆವತ್ತಿನದು ನಾಟಕ ಅಥವಾ ತಪ್ಪಿತಸ್ಥನ ಹೆದರಿಕೆ" ಅನ್ನುವುದು ಎದುರಿನವರ ಮಾತು. ಅವನು ಗುಣವಾದದ್ದೇ ಅವನಿಗೆ ಮುಳುವಾಗುವ ಹಾಗಿತ್ತು.

ನನ್ನ ಚೆಕ್‌ರೋಲಿನಲ್ಲೂ ಸುಳಿವು ಇತ್ತು. ಡಿಸೆಂಬರಿನಲ್ಲಿ ದಿನಕ್ಕೆ 70 ಕೆಜಿ ಹಣ್ಣು ಕೊಯ್ಯುತ್ತಿದ್ದವನು ಜನವರಿ ಕೊನೆಗೆ 40 ದಾಟುತ್ತಿರಲಿಲ್ಲ. ಆದರೆ ಅದು ನನ್ನ ಕೈಬರಹ, ನಾನು ಅವನ ಅಣ್ಣ. ಅದರ ಮೇಲೆ ಯಾರು ಭಾರ ಹಾಕುತ್ತಾರೆ?

ಆಗ ಅಕ್ಕನ ಪುಸ್ತಕ ನೆನಪಾಯಿತು. ಸಮನ್ಸ್ ಬಂದ ಮೇಲೆ ಅಕ್ಕ ಮಡಿಕೇರಿಗೆ ಬಂದರು. ಆವತ್ತು ಅಂಗಡಿ ಮುಚ್ಚಿ ಬಂದಿದ್ದರು. ಪುಸ್ತಕದಲ್ಲಿ ಬೇರೆಯವರ ಪುಟಗಳನ್ನೆಲ್ಲ ಕಂದು ಕಾಗದ ಸುತ್ತಿ ಪಿನ್ ಹಾಕಿದ್ದರು. ತಮ್ಮನ ಪುಟ ಮಾತ್ರ ತೆರೆದಿತ್ತು. ಸರ್ಕಾರಿ ವಕೀಲರು ಕೇಳಿದರು:

"ನೀವು ಡಾಕ್ಟರಾ?"

"ಅಲ್ಲ ಸಾರ್."

"ಮತ್ತೆ ಮಾತ್ರೆಯಿಂದಲೇ ಹೀಗಾಯ್ತು ಅಂತ ಹೇಗೆ ಹೇಳ್ತೀರಿ?"

"ನಾನು ಹಾಗೆ ಹೇಳಿಲ್ಲ ಸಾರ್. ಕಂಡಿದ್ದು ಬರ್ದಿದ್ದೀನಿ. ತಾರೀಖು ಹಾಕಿದ್ದೀನಿ."

ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಆ ಎರಡು ವಾಕ್ಯಕ್ಕೆ ನಾನು ಇವತ್ತಿಗೂ ಋಣಿ.

ಆದರೆ ಆ ಪುಟದಲ್ಲಿ ಅಕ್ಕನ ಸಾಲುಗಳಿಗಿಂತ ಹೆಚ್ಚು ಮಾತಾಡಿದ್ದು ಬಲಗಡೆಯ ಸಹಿಗಳು. ತಮ್ಮನ ಹೆಸರು ನಾಲ್ಕು ಅಕ್ಷರ. ಕನ್ನಡದಲ್ಲೇ ಸಹಿ ಹಾಕುತ್ತಾನೆ. 2018ರ ಸೆಪ್ಟೆಂಬರಿನಲ್ಲಿ ಸಹಿ ಗೆರೆಯಿಂದ ಗೆರೆಗೆ ತುಂಬಿದೆ, ಕೊನೆಯ ಅಕ್ಷರದ ಬಾಲವನ್ನು ಗತ್ತಿನಿಂದ ಕೆಳಗೆ ಎಳೆದಿದ್ದಾನೆ. ಡಿಸೆಂಬರಿನಲ್ಲೂ ಹಾಗೇ. ಜನವರಿ ನಡುವೆ ಅಕ್ಷರ ಕುಗ್ಗಿವೆ. ಫೆಬ್ರವರಿ 1ರಂದು ಮೊದಲ ಅಕ್ಷರ ಅಕ್ಕಿ ಕಾಳಿನಷ್ಟು, ನಾಲ್ಕನೆಯದು ಸಾಸಿವೆಯಷ್ಟು. ಬಾಲ ಇಲ್ಲವೇ ಇಲ್ಲ. ಗೆರೆ ಗರಗಸದ ಹಲ್ಲಿನ ಹಾಗೆ. ಬರೆಯುತ್ತಾ ಹೋದಂತೆ ಅಕ್ಷರ ಸಣ್ಣದಾಗುವುದು ಪಾರ್ಕಿನ್ಸನ್ ಕಾಯಿಲೆಯವರಲ್ಲಿ ಕಾಣುತ್ತದೆ, ಈ ಮಾತ್ರೆಗಳಿಂದ ಬರುವ ಬಿಗಿತದಲ್ಲೂ ಕಾಣಬಹುದು ಅಂತ ಆಮೇಲೆ ಡಾಕ್ಟರ್ ಸಾಕ್ಷಿ ಹೇಳಿದರು. ಇಷ್ಟೆಲ್ಲ ಕೊಲೆಗೆ ಮುಂಚಿನದು. ಯಾರೂ ಹತ್ತು ಹನ್ನೆರಡು ದಿನ ಮೊದಲೇ ಮೆಡಿಕಲ್ ಶಾಪಿನಲ್ಲಿ ನಾಟಕ ಶುರು ಮಾಡುವುದಿಲ್ಲ.

ಸಾಕ್ಷಿ ಹೇಳಿದ ಆ ಡಾಕ್ಟರ್ ತುಂಬಾ ಪ್ರಾಮಾಣಿಕರು. ಡೋಸ್ ಏರಿದ ತಾರೀಖಿಗೂ ಚಡಪಡಿಕೆ ಕಂಡ ತಾರೀಖಿಗೂ ಸರಿಯಾಗಿ ಹೊಂದುತ್ತದೆ ಎಂದರು. ಬಿಗಿತಕ್ಕೆ ಕೊಟ್ಟ ಮಾತ್ರೆ ಚಡಪಡಿಕೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಅದಕ್ಕೆ ಹೆಚ್ಚಾಗಿ ಪ್ರೊಪ್ರನಾಲಾಲ್ ಕೊಡುತ್ತೇವೆ, ಹಾಗಾಗಿ ಫೆಬ್ರವರಿ 5ರ ಆಮೇಲೂ ಅವನು ರಾತ್ರಿ ನಡೆಯುತ್ತಿದ್ದದ್ದು ಆಶ್ಚರ್ಯ ಅಲ್ಲ ಎಂದರು. ಆದರೆ "ಇಂಥ ಕೈಯಿಂದ ಕತ್ತಿ ಬೀಸೋಕೆ ಆಗೋದೇ ಇಲ್ಲ ಅಂತ ಹೇಳ್ತೀರಾ?" ಅಂತ ನಮ್ಮ ವಕೀಲರೇ ಕೇಳಿದಾಗ, ಹಾಗೆ ಹೇಳಲಾರೆ ಅಂದುಬಿಟ್ಟರು. ಈ ತರಹದ ನಡುಕ ಕೈ ಸುಮ್ಮನಿದ್ದಾಗ ಜಾಸ್ತಿ, ಕೆಲಸಕ್ಕೆ ಎತ್ತಿದಾಗ ಕಡಿಮೆಯಾಗಬಹುದು ಅಂತ ವಿವರಿಸಿದರು. ನನ್ನ ಎದೆ ಧಸಕ್ ಅಂತು. ಈಗ ಯೋಚಿಸಿದರೆ, ಆ ಒಂದು ಉತ್ತರದಿಂದಲೇ ಅವರ ಉಳಿದ ಮಾತಿಗೆ ತೂಕ ಬಂತು ಅನ್ನಿಸುತ್ತದೆ.

ವಕೀಲರು ವಾದದ ಮಧ್ಯೆ ಅಮೆರಿಕದ ರಿಗ್ಗಿನ್ಸ್ ಕೇಸಿನ ಮಾತು ತಂದರು. ನೆವಾಡಾ ರಾಜ್ಯದ್ದು, 1992ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಕೊಲೆ ಆರೋಪಿಗೆ ವಿಚಾರಣೆಯ ಹೊತ್ತಿನಲ್ಲಿ ದಿನಕ್ಕೆ 800 ಮಿಲಿಗ್ರಾಂ ಥಯೋರಿಡಜೀನ್ ಕೊಡುತ್ತಿದ್ದರು. ನಿಲ್ಲಿಸಿ ಅಂತ ಅವನು ಕೇಳಿದರೂ ನಿಲ್ಲಿಸಲಿಲ್ಲ. ಅವನಿಗೆ ಮರಣದಂಡನೆ ವಿಧಿಸಿದರು. ಬಲವಂತವಾಗಿ ಕೊಟ್ಟ ಮಾತ್ರೆ ಅವನ ಚಹರೆ, ಮಾತು, ವಕೀಲರ ಜೊತೆಗಿನ ಒಡನಾಟ ಎಲ್ಲವನ್ನೂ ಬದಲಿಸಿರಬಹುದು ಅಂತ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಪಶ್ಚಾತ್ತಾಪ ಇದೆಯೋ ಇಲ್ಲವೋ ಅಂತ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರ ಗುಂಪು, ಮುಖ ನೋಡಿ ಅಳೆಯುತ್ತದೆ, ಆ ಮುಖವನ್ನೇ ಮಾತ್ರೆ ಮರೆಮಾಡಿದರೆ ಹೇಗೆ ಅಂತ ಅಲ್ಲಿಯ ನ್ಯಾಯಮೂರ್ತಿ ಕೆನಡಿ ಚಿಂತಿಸಿದ್ದರು. ಅಲ್ಲಿ ಜ್ಯೂರಿ ನೋಡಿದ್ದು ಮಾತ್ರೆ ತಿಂದ ಮುಖ. ನಮ್ಮಲ್ಲಿ ಮಾತ್ರೆ ಬದಲಾದ ಮುಖ. ಎರಡೂ ಕಡೆ ಆವತ್ತಿನ ಮುಖವನ್ನು ಕೋರ್ಟು ನೋಡಲಿಲ್ಲ.

ಬರೀ ಪುಸ್ತಕದಿಂದ ಗೆದ್ದೆವು ಅಂದರೆ ಸುಳ್ಳಾಗುತ್ತದೆ. ಕತ್ತಿಯಲ್ಲಿ ರಕ್ತ ಸಿಕ್ಕಿರಲಿಲ್ಲ. ಕಣದೊಳಗೆ ಹೋದದ್ದನ್ನು ಯಾರೂ ನೋಡಿರಲಿಲ್ಲ. ಓಡಾಟಕ್ಕೂ ನಡುಕಕ್ಕೂ ಮುಖಕ್ಕೂ ಬೇರೆ ಕಾರಣ ಇತ್ತು ಅಂತ ನ್ಯಾಯಾಧೀಶರು ಒಪ್ಪಿದ ಮೇಲೆ ಉಳಿದ ಸಾಕ್ಷ್ಯ ಸಾಲಲಿಲ್ಲ. ಸಂಶಯದ ಲಾಭ ಕೊಟ್ಟು ಬಿಟ್ಟರು.

ಈಗ ಅಂಗಡಿಯ ಕೊರತೆಗಳು. ಗಾಡಿ ನಿಲ್ಲಿಸಲು ಜಾಗ ಇಲ್ಲ. ಸಂತೆ ದಿನ ಒಳಗೆ ಕಾಲಿಡಲು ಆಗುವುದಿಲ್ಲ, ಆವತ್ತು ಅಕ್ಕನಿಗೂ ಮಾತಾಡಲು ಪುರುಸೊತ್ತು ಇರುವುದಿಲ್ಲ. ಮಾವ ಚಿಲ್ಲರೆ ಕೊಡುವುದು ನಿಧಾನ. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ಸುಲಿನ್ ಮಾತ್ರ ಬೇರೆ ಕಡೆ ತಗೊಳ್ಳಿ ಅಂತ ಅವರೇ ಹೇಳುತ್ತಾರೆ. ಚೀಟಿ ಇಲ್ಲದೆ ಹಳೇ ಪರಿಚಯದ ಮೇಲೆ ಮಾತ್ರೆ ಕೇಳಿದರೆ ಖಂಡಿತ ಕೊಡುವುದಿಲ್ಲ. ನನಗೇ ಒಮ್ಮೆ ವಾಪಸ್ ಕಳಿಸಿದ್ದಾರೆ, ಆವತ್ತು ಬೇಜಾರಾಗಿತ್ತು. ರಿಯಾಯಿತಿ ಬೇರೆ ಕಡೆಗಿಂತ ಕಡಿಮೆ. ಇದಕ್ಕೆಲ್ಲ ಅರ್ಧ ಸ್ಟಾರ್ ಕಳೆಯಬೇಕು ಅನ್ನುವವರು ಕಳೆಯಲಿ, ನಾನು ಐದಕ್ಕೆ ಐದು ಕೊಡುತ್ತೇನೆ.

ಮನೆಯಲ್ಲಿ ಇಂಥ ಮಾತ್ರೆ ತಗೊಳ್ಳುವವರಿದ್ದರೆ, ಡೋಸ್ ಬದಲಾದ ದಿನದಿಂದ ಒಂದು ನೋಟ್‌ಬುಕ್ಕಿನಲ್ಲಿ ಅವರಿಂದ ವಾರಕ್ಕೊಮ್ಮೆ ಹೆಸರು ಬರೆಸಿ, ತಾರೀಖು ಹಾಕಿಸಿ. ಕೋರ್ಟಿಗೆ ಅಂತಲ್ಲ, ಡಾಕ್ಟರಿಗೆ ತೋರಿಸಲು. ಮೈ ಬಿಗಿಯಾಯಿತು ಅಂತ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬಿಗಿತದ ಜೊತೆ ಜೋರು ಜ್ವರ ಬಂದರೆ ಮಾತ್ರ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಇದು ಅಕ್ಕ ಪ್ರತಿಯೊಬ್ಬರಿಗೂ ಹೇಳುವ ಮಾತು.

ಅಂಗಡಿ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ. ಮಧ್ಯಾಹ್ನ ಒಂದೂವರೆಯಿಂದ ಮೂರರವರೆಗೆ ಮುಚ್ಚಿರುತ್ತದೆ. ಲೈನ್‌ಮನೆಗಳಿಂದ ಬರುವವರು ಆನೆ ಇಳಿಯುವ ಮುಂಚೆ ಮನೆ ಸೇರಲಿ ಅಂತ ಸಂಜೆ ಐದರ ಮೇಲೆ ಅವರಿಗೇ ಮೊದಲು ಕೊಡುತ್ತಾರೆ. ಪೇಟೆಯಲ್ಲೇ ಮನೆ ಇರುವವರು ಆ ಹೊತ್ತಿಗೆ ಹೋಗಬೇಡಿ. ಚೀಟಿ ತಗೊಂಡು ಹೋಗಿ, ಖಾಲಿಯಾದ ಸ್ಟ್ರಿಪ್ ಕೂಡ.